ಎಳೆ ಸೇರಿಸಿ ಹೊಸೆದಂತೆ

1974ರಲ್ಲಿ ಜರ್ಮನಿಯ ಕೊಲೋನ್ ನಗರದ ಮೋಟಾರ್‌ಸೈಕಲ್ ಮೇಳದಲ್ಲಿ ಹೋಂಡಾ ಕಂಪನಿ ಗೋಲ್ಡ್ ವಿಂಗ್ ಎಂಬ ಬೈಕನ್ನು ಮೊದಲ ಬಾರಿಗೆ ಜನರ ಮುಂದಿಟ್ಟಾಗ ಅದಕ್ಕೆ ಗಾಳಿ ತಡೆಯುವ ಹೊದಿಕೆಯೇ ಇರಲಿಲ್ಲ. 999 ಸಿ.ಸಿ.ಯ, ನೀರಿನಿಂದ ತಣಿಯುವ, ನಾಲ್ಕು ಸಿಲಿಂಡರುಗಳು ಎದುರುಬದುರಾಗಿ ಮಲಗಿದ ಎಂಜಿನ್ನೇ ಎದ್ದು ಕಾಣುತ್ತಿತ್ತು. ಅಮೆರಿಕದಲ್ಲಿ ಅದನ್ನು ಕೊಂಡವರು ರಾಜ್ಯ ರಾಜ್ಯಗಳನ್ನು ದಾಟುವ ದೂರದ ಪಯಣಕ್ಕೆ ಇಳಿದರು. ಎದೆಗೆ ಬಡಿಯುವ ಗಾಳಿ ತಾಳಲಾರದೆ, ಇಲಿನಾಯ್ ರಾಜ್ಯದ ಕ್ರೇಗ್ ವೆಟರ್ ರೂಪಿಸಿದ ವಿಂಡ್‌ಜಾಮರ್‌ನಂಥ ಫೇರಿಂಗ್‌ಗಳನ್ನು ಹೊರಗಿನಿಂದ ತಂದು ಕೂರಿಸಿಕೊಂಡರು. ಬೇಡಿಕೆಯ ಜಾಡು ಕಂಪನಿಗೆ ತಿಳಿಯಿತು. 1980ರ ಜಿಎಲ್1100 ಇಂಟರ್‌ಸ್ಟೇಟ್ ಮಾದರಿಯಲ್ಲಿ ಮುಂದಿನ ಫೇರಿಂಗ್, ಪಕ್ಕದ ಪೆಟ್ಟಿಗೆಗಳು, ಸೀಟಿನ ಹಿಂದಿನ ದೊಡ್ಡ ಪೆಟ್ಟಿಗೆ ಎಲ್ಲವೂ ಕಾರ್ಖಾನೆಯಿಂದಲೇ ಬಂದವು. 1984ರ ಜಿಎಲ್1200 ದಾಟಿ 1988ರ ಆರು ಸಿಲಿಂಡರಿನ ಜಿಎಲ್1500 ಬರುವ ಹೊತ್ತಿಗೆ ಬೈಕಿನ ಮೈಯನ್ನೆಲ್ಲ ಪ್ಲಾಸ್ಟಿಕ್ ಆವರಿಸಿಕೊಂಡಿತ್ತು. ಆ ಬೈಕುಗಳ ಎಂಜಿನ್ನು, ಗೇರು, ಹಿಂಚಕ್ರಕ್ಕೆ ಬಲ ಒಯ್ಯುವ ಶಾಫ್ಟು ಇಂದಿಗೂ ಗಟ್ಟಿಮುಟ್ಟಾಗಿವೆ. ಸೋತಿರುವುದು ಮೇಲಿನ ಕವಚ. ಜಿಎಲ್1500ರ ಒಣತೂಕವೇ ಸುಮಾರು 360 ಕೆ.ಜಿ. ನಿಂತಲ್ಲೇ ವಾಲಿ ಬಿದ್ದರೂ ಎಲ್ಲೋ ಒಂದು ಪ್ಯಾನೆಲ್ ಸೀಳುತ್ತದೆ, ಸ್ಕ್ರೂ ಹಿಡಿಯುವ ಕಿವಿಯೊಂದು ಮುರಿಯುತ್ತದೆ. ಎಷ್ಟೋ ಪ್ಯಾನೆಲ್‌ಗಳ ತಯಾರಿಕೆ ನಿಂತು ವರ್ಷಗಳೇ ಕಳೆದಿವೆ.

ಒಡೆದದ್ದನ್ನು ಕೈಗೆ ತೆಗೆದುಕೊಂಡ ಕೂಡಲೇ ಮನಸ್ಸು ಹುಡುಕುವುದು ಅಂಟನ್ನು. ಯಾವ ಅಂಟು ಬಲು ಗಟ್ಟಿ ಎಂಬ ಪ್ರಶ್ನೆಯಿಂದಲೇ ಹೆಚ್ಚಿನ ದುರಸ್ತಿ ಶುರುವಾಗುತ್ತದೆ. ಅದು ಸೋಲುವುದಕ್ಕೆ ಕಾರಣವೂ ಅಲ್ಲೇ ಇದೆ ಎಂದು ನನಗನ್ನಿಸುತ್ತದೆ. ಈ ಕವಚದ ಪ್ಲಾಸ್ಟಿಕ್ಕಿಗೆ ಮಣ್ಣಿನ ಮಡಕೆಗೆ ಇಲ್ಲದ ಒಂದು ಗುಣವುಂಟು. ಸರಿಯಾದ ಸ್ಥಿತಿಗೆ ತಂದರೆ ಅದರ ಎರಡು ಹೋಳುಗಳು ನಡುವೆ ಗಡಿಯೇ ಉಳಿಯದಂತೆ ಒಂದಾಗಬಲ್ಲವು. ಹಾಗಾಗಿ ಇಲ್ಲಿ ದುರಸ್ತಿಯೆಂದರೆ ಮೂರನೆಯ ವಸ್ತುವೊಂದನ್ನು ನಡುವೆ ತಂದು ಎರಡನ್ನೂ ಹಿಡಿಸುವ ಕೆಲಸವಾಗಬೇಕಿಲ್ಲ. ಅದೇ ವಸ್ತುವನ್ನು ಮತ್ತೆ ಹೆಣೆಯುವ ಕೆಲಸವಾಗಬಹುದು. ಈ ಮಾತು ಎಷ್ಟು ನಿಜ, ಎಲ್ಲಿಯವರೆಗೆ ನಿಜ ಎಂದು ನೋಡಲು ಆ ಪ್ಲಾಸ್ಟಿಕ್ಕಿನ ಒಳಗೆ ಇಳಿಯಬೇಕು.

ಗೋಲ್ಡ್ ವಿಂಗ್‌ನ ಹೊರ ಕವಚ ಬಹುಪಾಲು ಎಬಿಎಸ್. ಅಕ್ರಿಲೋನೈಟ್ರೈಲ್, ಬ್ಯೂಟಡೈಯೀನ್, ಸ್ಟೈರೀನ್ ಎಂಬ ಮೂರು ಕಚ್ಚಾವಸ್ತುಗಳ ಮೊದಲಕ್ಷರ ಕೂಡಿಸಿದ ಹೆಸರು ಅದು. 1950ರ ದಶಕದಲ್ಲಿ ಅಮೆರಿಕದ ಬೋರ್ಗ್-ವಾರ್ನರ್ ಕಂಪನಿ ಸೈಕೋಲ್ಯಾಕ್ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಮಕ್ಕಳು ಜೋಡಿಸುವ ಲೆಗೊ ಇಟ್ಟಿಗೆಗಳು 1963ರಿಂದ ಇದೇ ಪ್ಲಾಸ್ಟಿಕ್ಕಿನವು. ಮೂರು ವಸ್ತುಗಳನ್ನು ಸುಮ್ಮನೆ ಕಲಸಿದ ಮಿಶ್ರಣ ಎಂದು ಇದನ್ನು ತಿಳಿದರೆ ತಪ್ಪಾಗುತ್ತದೆ. ಸ್ಟೈರೀನ್ ಮತ್ತು ಅಕ್ರಿಲೋನೈಟ್ರೈಲ್ ಸೇರಿ ಆದ ಉದ್ದುದ್ದ ಸರಪಳಿಗಳು ಇದರ ಗಟ್ಟಿ ಮೈ. ಆ ಮೈಯೊಳಗೆ, ಪಾಯಸದಲ್ಲಿ ಸಾಬುದಾನಿಯ ಕಾಳು ತೇಲುವಂತೆ, ಬ್ಯೂಟಡೈಯೀನ್ ರಬ್ಬರಿನ ಕಣಗಳು ಹರಡಿಕೊಂಡಿರುತ್ತವೆ. ಸಾಮಾನ್ಯವಾಗಿ ಒಂದೊಂದರ ಅಡ್ಡಳತೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಮೈ ಗಟ್ಟಿಯಿದ್ದರೂ ಒಂಟಿಯಾಗಿದ್ದರೆ ಗಾಜಿನಂತೆ ಪಟಕ್ಕನೆ ಒಡೆಯುತ್ತಿತ್ತು. ರಬ್ಬರಿನ ಕಣಗಳು ಪೆಟ್ಟಿನ ಬಲವನ್ನು ತಮ್ಮ ಸುತ್ತ ಹಂಚಿಕೊಂಡು, ಒಂದು ದೊಡ್ಡ ಬಿರುಕಿನ ಬದಲು ಲೆಕ್ಕವಿಲ್ಲದಷ್ಟು ಅತಿಸಣ್ಣ ಬಿರುಕುಗಳಾಗಿ ಅದು ಚದುರುವಂತೆ ಮಾಡುತ್ತವೆ. ಎಬಿಎಸ್ ಪಟ್ಟಿಯೊಂದನ್ನು ಮೆಲ್ಲಗೆ ಬಗ್ಗಿಸಿದರೆ ಬಾಗಿದ ಜಾಗದಲ್ಲಿ ಬಿಳಿಚಿಕೊಳ್ಳುವುದನ್ನು ನೋಡಬಹುದು. ಆ ಅತಿಸಣ್ಣ ಬಿರುಕುಗಳು ಬೆಳಕನ್ನು ಚೆಲ್ಲಾಡುವುದರಿಂದ ಬರುವ ಬಿಳುಪು ಅದು.

ಸರಪಳಿ ಎಂದಾಗ ಒಂದು ವಿಷಯ ಸ್ಪಷ್ಟವಾಗಬೇಕು. ಆ ಗಟ್ಟಿ ಮೈಯಲ್ಲಿ ಒಂದು ಸರಪಳಿಗೂ ಇನ್ನೊಂದಕ್ಕೂ ರಾಸಾಯನಿಕ ಕೊಂಡಿ ಇರುವುದಿಲ್ಲ. ಸಾವಿರದಷ್ಟು ಕೊಂಡಿಗಳಿರುವ ಒಂದೊಂದು ಸರಪಳಿಯೂ ಬೆಂದ ಶ್ಯಾವಿಗೆಯಂತೆ ಮುದುಡಿಕೊಂಡು ನೆರೆಯ ನೂರಾರು ಸರಪಳಿಗಳ ಜೊತೆ ಸಿಕ್ಕುಹಾಕಿಕೊಂಡಿರುತ್ತದೆ. ವಸ್ತುವಿನ ಬಲವೆಲ್ಲ ಈ ಸಿಕ್ಕಿನದು. ತೆಂಗಿನ ನಾರಿನ ಹಗ್ಗವನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಹಗ್ಗ ಮಾರುದ್ದವಿದ್ದರೂ ನಾರು ಗೇಣುದ್ದದ್ದೇ. ನಾರಿಗೆ ನಾರು ಅಂಟಿರುವುದಿಲ್ಲ, ಒಂದರ ಮೇಲೊಂದು ಹಾದು ಹೊಸೆದುಕೊಂಡಿರುತ್ತದೆ. ಹೊಸೆಯುವಾಗ ಕೈಯಲ್ಲಿನ ನಾರು ಮುಗಿಯುತ್ತಾ ಬಂದರೆ ಗಂಟು ಹಾಕುವವರಿಲ್ಲ. ತುದಿಯ ಬಿಡಿ ಎಳೆಗಳ ನಡುವೆ ಹೊಸ ನಾರು ಸೇರಿಸಿ ಹೊಸೆಯುತ್ತಾ ಹೋಗುತ್ತಾರೆ. ಆ ಜಾಗ ಉಳಿದ ಹಗ್ಗದಷ್ಟೇ ಭಾರ ತಡೆಯುತ್ತದೆ. ಎಬಿಎಸ್‌ಗೂ ಇದೇ ದಾರಿ ತೆರೆದಿದೆ. ಫೈಬರ್‌ಗ್ಲಾಸ್ ಫೇರಿಂಗ್‌ಗೆ ಈ ಭಾಗ್ಯವಿಲ್ಲ. ಅದರ ರಾಳ ಗಟ್ಟಿಯಾಗುವಾಗ ಸರಪಳಿಗಳು ಪರಸ್ಪರ ಕೊಂಡಿ ಹಾಕಿಕೊಂಡು ಒಂದೇ ಬಲೆಯಾಗಿಬಿಟ್ಟಿರುತ್ತವೆ. ಮತ್ತೆ ಕರಗಿಸಲೂ ಬಾರದು, ಹೆಣೆಯಲೂ ಬಾರದು. ಹಳೆಯ ಬೈಕುಗಳಲ್ಲಿ ಎರಡೂ ಬಗೆಯ ಕವಚಗಳು ಸಿಗುವುದರಿಂದ ಒಂದಕ್ಕೆ ಸಲ್ಲುವ ಮದ್ದನ್ನು ಇನ್ನೊಂದಕ್ಕೆ ಹಚ್ಚುವ ತಪ್ಪು ಆಗಾಗ ನಡೆಯುತ್ತದೆ.

ಹೆಣೆಯುವುದಕ್ಕೂ ಮೊದಲು ಹರಿದುಹೋಗುತ್ತಿರುವುದನ್ನು ನಿಲ್ಲಿಸಬೇಕು. ಬಿರುಕು ತಾನಾಗಿಯೇ ಬೆಳೆಯುವುದೇಕೆ? 1913ರಲ್ಲಿ ಕೇಂಬ್ರಿಜ್‌ನ ಎಂಜಿನಿಯರ್ ಸಿ. ಇ. ಇಂಗ್ಲಿಸ್ ತೋರಿಸಿದ ಲೆಕ್ಕವೊಂದು ಇಂದಿಗೂ ಉತ್ತರ ಕೊಡುತ್ತದೆ. ಎಳೆತಕ್ಕೆ ಸಿಕ್ಕ ಹಾಳೆಯಲ್ಲಿ ಬಿರುಕಿದ್ದರೆ ಅದರ ತುದಿಯಲ್ಲಿ ಒತ್ತಡ ಹಲವು ಪಟ್ಟು ಏರುತ್ತದೆ. ಬಿರುಕು ಉದ್ದವಾದಷ್ಟೂ, ತುದಿ ಚೂಪಾದಷ್ಟೂ ಏರಿಕೆ ಹೆಚ್ಚು. ಪ್ಯಾನೆಲ್‌ನ ನಡುವೆ 20 ಮಿ.ಮೀ. ಉದ್ದದ ಬಿರುಕು ಇದೆಯೆನ್ನಿ, ಅದರ ತುದಿಯ ತ್ರಿಜ್ಯ ಮಿಲಿಮೀಟರಿನ ನೂರನೇ ಒಂದು ಪಾಲು ಎನ್ನಿ. ಸೂತ್ರದ ಪ್ರಕಾರ ತುದಿಯಲ್ಲಿನ ಒತ್ತಡ ಸುತ್ತಲಿನದಕ್ಕಿಂತ ಸುಮಾರು 64 ಪಟ್ಟು. ಅದೇ ತುದಿಗಳಲ್ಲಿ 3 ಮಿ.ಮೀ. ಅಡ್ಡಳತೆಯ ತೂತು ಕೊರೆದರೆ ಅದು ಸುಮಾರು ಆರು ಪಟ್ಟಿಗೆ ಇಳಿಯುತ್ತದೆ. ಪ್ಲಾಸ್ಟಿಕ್ ಹೀಗೆ ಕಟ್ಟುನಿಟ್ಟಾಗಿ ಲೆಕ್ಕದಂತೆ ನಡೆಯುವುದಿಲ್ಲ, ತುದಿಯಲ್ಲಿ ತುಸು ಹರಿದು ಮೆತ್ತಗಾಗಿ ಒತ್ತಡವನ್ನು ಕಡಿಮೆ ಮಾಡಿಕೊಳ್ಳುತ್ತದೆ. ಆದರೆ ಅಂಕಿಗಳು ತೋರುವ ದಿಕ್ಕು ಸರಿ. ಒಡೆದದ್ದಕ್ಕೆ ಇನ್ನೊಂದು ತೂತು ಕೊರೆಯುವುದು ಮೇಲ್ನೋಟಕ್ಕೆ ಗಾಯದ ಮೇಲೆ ಬರೆ ಎಳೆದಂತೆ ಕಂಡರೂ ಕೈ ಪಳಗಿದವರು ಮೊದಲು ಮಾಡುವ ಕೆಲಸ ಅದೇ. ಕಷ್ಟವಿರುವುದು ನಿಜವಾದ ತುದಿಯನ್ನು ಪತ್ತೆಹಚ್ಚುವುದರಲ್ಲಿ. ಬಣ್ಣದ ಪದರದ ಕೆಳಗೆ ಬಿರುಕು ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಸಾಗಿರುತ್ತದೆ. ಹಿಂಬದಿಯಿಂದ ನೋಡಿ, ಮೆಲ್ಲಗೆ ಬಗ್ಗಿಸಿ, ಕಂಡ ತುದಿಗಿಂತ ಎರಡು ಮಿ.ಮೀ. ಆಚೆಗೆ ಡ್ರಿಲ್ ಇಡುವುದು ಒಳ್ಳೆಯದು.

ಆಮೇಲಿನ ಪ್ರಶ್ನೆ, ಕೈಯಲ್ಲಿರುವುದು ಎಬಿಎಸ್ ಹೌದೇ ಎಂಬುದು. ಅಚ್ಚಿನಲ್ಲೇ ಒತ್ತಿದ ಗುರುತು ಒಳಮೈಯಲ್ಲಿದ್ದರೆ ಕೆಲಸ ಸುಲಭ. ನಮ್ಮ ಊರಿನ ಸ್ಕೂಟರ್‌ಗಳ ಪ್ಯಾನೆಲ್ ಬಿಚ್ಚಿದರೂ ಹಿಂದೆ ಇಂಥ ಅಕ್ಷರಗಳು ಕಾಣುತ್ತವೆ. ಆದರೆ ಎಂಬತ್ತರ ದಶಕದ ಎಲ್ಲ ಭಾಗಗಳಲ್ಲೂ ಆ ಗುರುತು ಇರುವುದಿಲ್ಲ. ಒಳಗಿನ ಮರೆಯ ಭಾಗಗಳು ಪಾಲಿಪ್ರೊಪಿಲೀನ್ ಆಗಿದ್ದರೂ ಇರಬಹುದು. ಎರಡನ್ನು ಬೇರೆ ಮಾಡಲು ಒಂದು ಲೋಟ ನೀರು ಸಾಕು. ಕಾಣದ ಅಂಚಿನಿಂದ ಉಗುರಿನಷ್ಟು ಚೂರು ಕೆತ್ತಿ, ಗುಳ್ಳೆ ಅಂಟಿಕೊಳ್ಳದಂತೆ ಒದ್ದೆ ಮಾಡಿ ನೀರಿಗೆ ಹಾಕಬೇಕು. ಪಾಲಿಪ್ರೊಪಿಲೀನಿನ ಸಾಂದ್ರತೆ ಸುಮಾರು 0.9, ತೇಲುತ್ತದೆ. ಎಬಿಎಸ್‌ನದು ಸುಮಾರು 1.05, ಮೆಲ್ಲಗೆ ಮುಳುಗುತ್ತದೆ. ಮುಳುಗಿದ ಚೂರನ್ನು ಒರೆಸಿ ಅದರ ಮೇಲೆ ಒಂದು ಹನಿ ಅಸಿಟೋನ್ ಬಿಟ್ಟರೆ ಅರೆ ನಿಮಿಷದಲ್ಲಿ ಹೊಳಪು ಹೋಗಿ, ಬೆರಳಿಗೆ ಬೆಲ್ಲದ ಪಾಕದಂತೆ ಅಂಟುತ್ತದೆ. ಬೆರಳೆತ್ತಿದರೆ ಸಣ್ಣ ನೂಲೆಳೆ ಏಳುತ್ತದೆ. ಫೈಬರ್‌ಗ್ಲಾಸ್ ಆಗಿದ್ದರೆ ಹನಿ ಆರಿ ಹೋಗುತ್ತದೆ, ಮೈ ಇದ್ದಂತೆಯೇ ಇರುತ್ತದೆ.

ಆ ನೂಲೆಳೆಯಲ್ಲೇ ದುರಸ್ತಿಯ ವಿಜ್ಞಾನ ಪೂರ್ತಿ ಇದೆ. ಎಬಿಎಸ್‌ನ ಗಟ್ಟಿ ಮೈಯ ಸರಪಳಿಗಳು ಸುಮಾರು 105 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಇದ್ದಲ್ಲೇ ಸೆಟೆದುಕೊಂಡಿರುತ್ತವೆ. ಒಡೆದ ಎರಡು ಅಂಚುಗಳನ್ನು ವರ್ಷಗಟ್ಟಲೆ ಒತ್ತಿ ಹಿಡಿದರೂ ಆಚೆಯ ಸರಪಳಿ ಈಚೆ ಬಾರದು. ಬಿಸಿ ಮಾಡಿದರೆ ಚಲನೆ ಬರುತ್ತದೆ, ಆದರೆ ಪ್ಯಾನೆಲ್ಲೇ ಸೊಟ್ಟಗಾಗುತ್ತದೆ. ಅಸಿಟೋನ್ ಅಥವಾ ಮೀಥೈಲ್ ಈಥೈಲ್ ಕೀಟೋನ್‌ನಂಥ ದ್ರಾವಕ ಹಚ್ಚಿದಾಗ ಅದರ ಪುಟ್ಟ ಅಣುಗಳು ಸರಪಳಿಗಳ ನಡುವೆ ನುಸುಳಿ ಜಾಗ ಮಾಡುತ್ತವೆ. ಹಚ್ಚಿದ ಮೇಲ್ಪದರದಲ್ಲಿ ಮಾತ್ರ, ಕೋಣೆಯ ಬಿಸಿಯಲ್ಲೇ, ಸರಪಳಿಗಳು ಸಡಿಲಗೊಳ್ಳುತ್ತವೆ. ಸಿಕ್ಕಿನ ನಡುವೆ ಉದ್ದದ ಸರಪಳಿಯೊಂದು ಚಲಿಸುವುದು ಹೇಗೆಂದು 1971ರಲ್ಲಿ ಫ್ರಾನ್ಸಿನ ಪಿಯರ್-ಜಿಲ್ ದ ಜೆನ್ ವಿವರಿಸಿದರು. ಅಕ್ಕಪಕ್ಕದವು ಎಡಬಲಕ್ಕೆ ಸರಿಯಲು ಬಿಡುವುದಿಲ್ಲ. ಬಿಲದಲ್ಲಿನ ಹಾವಿನಂತೆ ತನ್ನುದ್ದಕ್ಕೇ ಹಿಂದಕ್ಕೆ ಮುಂದಕ್ಕೆ ತೆವಳಿ ಹೊಸ ದಾರಿ ಹಿಡಿಯಬೇಕು. ದ ಜೆನ್ ಅವರಿಗೆ 1991ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಸರಪಳಿ ತೆವಳುವ ಈ ಚಿತ್ರವನ್ನು ಬಳಸಿ, ಒಡೆದ ಪ್ಲಾಸ್ಟಿಕ್ ಕೂಡಿಕೊಳ್ಳುವ ಬಗೆಯನ್ನು 1980ರ ದಶಕದ ಆರಂಭದಲ್ಲಿ ಹಲವರು ಲೆಕ್ಕ ಹಾಕಿದರು, ಪ್ರಯೋಗಗಳಲ್ಲಿ ಅಳೆದರು. ಕೂಡಿಕೆಯ ಬಲ, ಕೂಡಿದ್ದ ಸಮಯದ ನಾಲ್ಕನೇ ಮೂಲಕ್ಕೆ ತಕ್ಕಂತೆ ಏರುತ್ತದೆ ಎಂಬುದು ಅದರ ಸಾರ. ಬಲ ಎರಡು ಪಟ್ಟಾಗಲು ಹದಿನಾರು ಪಟ್ಟು ಹೊತ್ತು ಬೇಕು. ಪೂರ್ತಿ ಬಲ ಬರಲು ಸರಪಳಿಗಳು ಗಡಿ ದಾಟಬೇಕಾದ ದೂರವೋ ಹತ್ತಿಪ್ಪತ್ತು ನ್ಯಾನೋಮೀಟರ್ ಮಾತ್ರ. ಕೂದಲಿನ ದಪ್ಪ ಅದರ ಸಾವಿರಾರು ಪಟ್ಟು.

ಈ ವಿಜ್ಞಾನದ ಒಂದು ರೂಪವನ್ನು ನಾವೆಲ್ಲ ಕಂಡಿದ್ದೇವೆ. ಮನೆಗೆ ಬಂದ ಪ್ಲಂಬರ್ ಪಿವಿಸಿ ಪೈಪಿನ ತುದಿಗೆ ‘ಸಲ್ಯೂಷನ್’ ಹಚ್ಚಿ, ಅರ್ಧ ಸುತ್ತು ತಿರುಗಿಸಿ ಒತ್ತಿ ಹಿಡಿಯುವುದು ಇದನ್ನೇ. ಆ ಡಬ್ಬಿಯಲ್ಲಿರುವುದು ದ್ರಾವಕದಲ್ಲಿ ಕರಗಿಸಿದ ಪಿವಿಸಿಯೇ. ಅದನ್ನು ಅಂಟು ಎಂದು ಕರೆಯುವುದು ರೂಢಿಯಾದರೂ ಆರಿದ ಮೇಲೆ ಅಂಟೆಂಬ ಬೇರೆ ಪದರ ಅಲ್ಲಿ ಉಳಿಯುವುದಿಲ್ಲ. ಫೇರಿಂಗ್‌ಗೆ ಬೇಕಾದ ಸಲ್ಯೂಷನ್ನನ್ನು ಮಾಡಿಕೊಳ್ಳುವುದೂ ಹೀಗೆಯೇ: ಕೆಲಸಕ್ಕೆ ಬಾರದ ಎಬಿಎಸ್ ಪ್ಯಾನೆಲ್ಲೊಂದನ್ನು ಸಣ್ಣಗೆ ತುರಿದು ಗಾಜಿನ ಸೀಸೆಯಲ್ಲಿ ಹಾಕಿ, ಮುಳುಗುವಷ್ಟು ಅಸಿಟೋನ್ ಸುರಿದು, ಮುಚ್ಚಳ ಬಿಗಿದು ರಾತ್ರಿಯಿಡೀ ಬಿಡುವುದು. ಬೆಳಗಿನ ಹೊತ್ತಿಗೆ ದೋಸೆಹಿಟ್ಟಿನ ಹದಕ್ಕೆ ಬಂದಿರುತ್ತದೆ. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ರಬ್ಬರಿನ ಕಣಗಳ ಒಳಗಿನ ಸರಪಳಿಗಳು ಮಾತ್ರ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವುದರಿಂದ ಅವು ಕರಗುವುದಿಲ್ಲ, ಉಬ್ಬಿ ತೇಲುತ್ತಿರುತ್ತವೆ. ಎಬಿಎಸ್‌ನಲ್ಲಿ ರಬ್ಬರ್ ಎಷ್ಟಿದೆಯೆಂದು ಅಳೆಯುವ ಪ್ರಯೋಗಾಲಯದ ವಿಧಾನವೂ ಇದನ್ನೇ ನೆಚ್ಚಿಕೊಂಡಿದೆ: ಅಸಿಟೋನಿನಲ್ಲಿ ಕರಗಿಸಿ, ಗಿರ್ರನೆ ತಿರುಗಿಸಿ, ತಳಕ್ಕಿಳಿದದ್ದನ್ನು ತೂಗುತ್ತಾರೆ. ಅಂದರೆ ಸೀಸೆಯಲ್ಲಿನ ಹಿಟ್ಟನ್ನು ಬಿರುಕಿಗೆ ತುಂಬಿದಾಗ ಗಟ್ಟಿ ಮೈಯ ಜೊತೆಗೆ ಪೆಟ್ಟು ತಾಳುವ ಕಣಗಳೂ ಹೋಗಿ ಕೂರುತ್ತವೆ. ಬರಿ ಅಸಿಟೋನ್ ಸವರಿ ಅಂಚು ಒತ್ತುವುದಕ್ಕಿಂತ ಈ ಹಿಟ್ಟು ಮೇಲು. ಒಡೆದ ಅಂಚುಗಳು ಎಷ್ಟು ಚೆನ್ನಾಗಿ ಕೂಡಿಕೊಂಡಂತೆ ಕಂಡರೂ ನ್ಯಾನೋಮೀಟರ್ ಲೆಕ್ಕದಲ್ಲಿ ಅವುಗಳ ನಡುವೆ ಕಣಿವೆಗಳಿರುತ್ತವೆ; ಅವನ್ನು ತುಂಬಲು ಏನಾದರೂ ಬೇಕೇ ಬೇಕು.

ತುಂಬುವ ಕ್ರಮದಲ್ಲಿ ಅವಸರ ಸಲ್ಲದು. ಹಿಟ್ಟಿನ ಮುಕ್ಕಾಲು ಪಾಲು ದ್ರಾವಕವಾದರೆ ಆರಿದ ಮೇಲೆ ಉಳಿಯುವುದು ಕಾಲು ಪಾಲು. ಒಂದೇ ಸಲಕ್ಕೆ ದಪ್ಪಗೆ ಮೆತ್ತಿದರೆ ಮೇಲೆ ಕೆನೆಗಟ್ಟಿ ಒಳಗಿನ ದ್ರಾವಕ ಸಿಕ್ಕಿಬೀಳುತ್ತದೆ, ಗುಳ್ಳೆ ಏಳುತ್ತದೆ, ಜಾಗ ಕುಗ್ಗಿ ಗುಳಿಬೀಳುತ್ತದೆ. ಆದ್ದರಿಂದ ಬಿರುಕಿನ ಉದ್ದಕ್ಕೂ ಎರಡೂ ಬದಿಯಿಂದ ಇಂಗ್ಲಿಷಿನ ‘ವಿ’ ಆಕಾರದ ಕಾಲುವೆ ಕೆತ್ತಿ, ಹಿಂಬದಿಯಲ್ಲಿ ಸ್ಟೀಲಿನ ಸಣ್ಣ ಜಾಲರಿಯನ್ನೋ ಗಾಜಿನ ನಾರಿನ ಬಟ್ಟೆಯನ್ನೋ ಹಿಟ್ಟಿನಲ್ಲಿ ಹುದುಗಿಸಿ, ತೆಳ್ಳಗೆ ಒಂದೊಂದೇ ಪದರ ಹಚ್ಚುತ್ತಾ ಬರಬೇಕು. ಪದರಕ್ಕೂ ಪದರಕ್ಕೂ ನಡುವೆ ಗಂಟೆಗಟ್ಟಲೆ ಬಿಡುವು. ಮೇಲ್ಮೈ ಅದೇ ದಿನ ಉಗುರಿಗೆ ಗಟ್ಟಿಯೆನಿಸುತ್ತದೆ, ಅದನ್ನು ನಂಬಬಾರದು. ದಪ್ಪ ಜಾಗದಿಂದ ದ್ರಾವಕ ಪೂರ್ತಿ ಹೊರಬೀಳಲು ದಿನಗಳು, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಅದಕ್ಕೂ ಮೊದಲು ಪುಟ್ಟಿ ಹಾಕಿ ಬಣ್ಣ ಹೊಡೆದರೆ ಮೊದಲ ಬಿಸಿಲಿಗೇ ಬಣ್ಣದಡಿ ಬೊಕ್ಕೆಗಳೇಳುತ್ತವೆ. ಇನ್ನು ಅಸಿಟೋನ್ ಎಂಬುದು ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೂ ಕಿಡಿಗೆ ಹೊತ್ತಿಕೊಳ್ಳಬಲ್ಲ ಆವಿ ಬಿಡುವ ದ್ರವ. ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ತಲುಪೀತು. ತೆರೆದ ಜಾಗದಲ್ಲೇ ಕೆಲಸ ಮಾಡಬೇಕು. ಸಾಮಾನ್ಯ ನೈಟ್ರೈಲ್ ಕೈಗವಸನ್ನು ಅದು ಬೇಗ ದಾಟುತ್ತದೆ, ಬ್ಯೂಟೈಲ್ ರಬ್ಬರಿನದು ತಡೆಯುತ್ತದೆ.

ಇಷ್ಟೆಲ್ಲ ಯಾಕೆ, ಎರಡು ಟ್ಯೂಬಿನ ಎಪಾಕ್ಸಿ ಇದಕ್ಕಿಂತ ಬಲವಾದದ್ದಲ್ಲವೇ ಎಂದು ಕೇಳುವವರಿದ್ದಾರೆ. ಡಬ್ಬಿಯ ಮೇಲಿನ ಅಂಕಿಗಳನ್ನು ನೋಡಿದರೆ ಮಾತು ಸರಿಯೆನಿಸುತ್ತದೆ. ಆದರೆ ಆ ಅಂಕಿಗಳು ಸಾಮಾನ್ಯವಾಗಿ ಲೋಹದ ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ ಉದ್ದಕ್ಕೆ ಎಳೆದಾಗ ಸಿಗುವಂಥವು. ಫೇರಿಂಗ್‌ನ ಬಿರುಕಿಗೆ ಸಿಗುವುದು ಮೂರು ಮಿಲಿಮೀಟರಿನಷ್ಟು ದಪ್ಪದ ಅಂಚು. ಅದರ ಮೇಲೆ ಬೀಳುವುದು ಬಾಗುವ, ಸುಲಿಯುವ, ಗಂಟೆಗಟ್ಟಲೆ ಅದುರುವ ಬಲ. ಎಪಾಕ್ಸಿ ಎಬಿಎಸ್‌ನ ಮೇಲ್ಮೈಯನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಒಳಹೊಕ್ಕು ಹೆಣೆದುಕೊಳ್ಳುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಬಿಸಿಲಿನದು. ಎಬಿಎಸ್ ಬಿಸಿಗೆ ಉಕ್ಕಿಗಿಂತ ಏಳೆಂಟು ಪಟ್ಟು ಹೆಚ್ಚು ಹಿಗ್ಗುತ್ತದೆ. 600 ಮಿ.ಮೀ. ಉದ್ದದ ಪ್ಯಾನೆಲ್ 40 ಡಿಗ್ರಿ ಬಿಸಿಯೇರಿದಾಗ ಎರಡು ಮಿ.ಮೀ.ಗೂ ಮೀರಿ ಬೆಳೆಯುತ್ತದೆ, ಅದೇ ಉದ್ದದ ಉಕ್ಕು ಒಂದು ಮಿ.ಮೀ.ಯ ಮೂರನೇ ಒಂದು ಪಾಲೂ ಬೆಳೆಯುವುದಿಲ್ಲ. ಗಾಜಿನ ನಾರು ತುಂಬಿದ ಎಪಾಕ್ಸಿಯ ದಪ್ಪ ತೇಪೆ ಈ ಎರಡರ ನಡುವೆ, ಉಕ್ಕಿನ ಕಡೆಗೇ ಹತ್ತಿರ. ದಿನವೂ ಪ್ಯಾನೆಲ್ ಹಿಗ್ಗಿ ಕುಗ್ಗುವಾಗ ತೇಪೆ ಜೊತೆಗೂಡುವುದಿಲ್ಲ. ಅದರ ಗಡಸು ಅಂಚಿನ ಬಳಿ ಒತ್ತಡ ಜಮಾಯಿಸುತ್ತದೆ. ತೇಪೆ ಗಟ್ಟಿಯಾಗಿ ಕೂತಿದ್ದು, ಅದರ ಪಕ್ಕದಲ್ಲೇ ಹೊಸ ಬಿರುಕು ಮೂಡುವುದು ಇದರಿಂದಲೇ. ಹಾಗಾದರೆ ಮೇಲೆ ಹೇಳಿದ ಸ್ಟೀಲಿನ ಜಾಲರಿಗೂ ಇದೇ ದೋಷ ತಟ್ಟದೇ? ಜಾಲರಿ ತೆಳುವಾಗಿದ್ದು ಕಿರಿದಾದ ಪಟ್ಟಿಯಲ್ಲಿದ್ದರೆ ಅದರ ಸಣ್ಣ ತಂತಿಗಳು ಪ್ಲಾಸ್ಟಿಕ್ಕಿನ ಜೊತೆ ಬಾಗುತ್ತವೆ. ಅಂಗೈಯಗಲದ ತಗಡು ಬಡಿದರೆ ದೋಷ ತಟ್ಟಿಯೇ ತಟ್ಟುತ್ತದೆ. ಮೆಥಾಕ್ರಿಲೇಟ್ ಅಂಟುಗಳು ಎಬಿಎಸ್ ಮೇಲೆ ಚೆನ್ನಾಗಿ ಕೂರುತ್ತವೆ ಎಂಬುದನ್ನು ಒಪ್ಪಲೇಬೇಕು. ಗಟ್ಟಿಯಾಗುವ ಮೊದಲು ಅವುಗಳ ದ್ರವ ಎಬಿಎಸ್‌ನ ಮೇಲ್ಪದರವನ್ನು ತುಸು ಕರಗಿಸಿ ಒಳಸೇರುತ್ತದೆ. ಇಲ್ಲೂ ಕೈಹಿಡಿಯುವುದು ಹೆಣಿಗೆಯೇ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಮೂವತ್ತು ನಲವತ್ತು ವರ್ಷ ಬಿಸಿಲುಂಡ ಪ್ಲಾಸ್ಟಿಕ್ಕಿನಲ್ಲಿ ಹೆಣೆಯಲು ಸರಪಳಿ ಉಳಿದಿರುತ್ತದೆಯೇ? ಎಬಿಎಸ್‌ಗೆ ಪೆಟ್ಟು ತಾಳುವ ಗುಣ ಕೊಟ್ಟ ರಬ್ಬರೇ ಅದರ ದುರ್ಬಲ ಜಾಗ. ಬ್ಯೂಟಡೈಯೀನ್ ಸರಪಳಿಯಲ್ಲಿ ಉಳಿದಿರುವ ಇಮ್ಮಡಿ ಬಂಧಗಳನ್ನು ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಕೆಡಿಸುತ್ತವೆ. ಬಣ್ಣ ಹಳದಿಗೆ ತಿರುಗುತ್ತದೆ, ರಬ್ಬರ್ ಪೆಡಸಾಗುತ್ತದೆ. ಆದರೆ ಈ ಕೇಡು ಬೆಳಕು ತಾಗುವ ಮೈಯಿಂದ ಒಳಕ್ಕೆ ನಡೆಯುವುದು ಬಹಳ ಕಡಿಮೆ ದೂರ, ಕೂದಲ ದಪ್ಪದಷ್ಟು ಅಥವಾ ಅದರ ಕೆಲವು ಪಟ್ಟು. ಬಣ್ಣ ಬಳಿದ ಮುಂಬದಿ, ಕತ್ತಲಲ್ಲೇ ಇರುವ ಹಿಂಬದಿ ಎರಡೂ ಇದರಿಂದ ಬಹುಮಟ್ಟಿಗೆ ಪಾರಾಗಿರುತ್ತವೆ. ಅಪಾಯವೇನೆಂದರೆ ಪೆಡಸಾದ ತೆಳುಪದರದಲ್ಲಿ ಹುಟ್ಟಿದ ಬಿರುಕು ಒಳಗಿನ ಆರೋಗ್ಯವಂತ ಮೈಗೂ ನುಗ್ಗುವುದು. ಹಾಗಾಗಿ ಹಿಟ್ಟು ಹಚ್ಚುವ ಜಾಗದ ಮೇಲ್ಪದರವನ್ನು ಅರದಿಂದಲೋ ಎಮರಿ ಪೇಪರಿನಿಂದಲೋ ಉಜ್ಜಿ ತೆಗೆಯುವುದು ಅಂದಕ್ಕಾಗಿ ಮಾಡುವ ಕೆಲಸವಲ್ಲ. ಪ್ಲಾಸ್ಟಿಕ್ಕಿನ ಜೀವ ಪರೀಕ್ಷಿಸಲು ಮುರಿದು ಬಿದ್ದ ಕಿವಿಯ ತುಂಡೇ ಸಾಕ್ಷಿ: ಇಕ್ಕಳದಲ್ಲಿ ಹಿಡಿದು ಬಗ್ಗಿಸಿದಾಗ ಬಿಳಿಚಿಕೊಂಡು ಬಾಗಿದರೆ ಒಳಗಿನ ರಬ್ಬರ್ ಕೆಲಸ ಮಾಡುತ್ತಿದೆ. ಬಿಳಿಚದೆ ಗಾಜಿನ ಕಡ್ಡಿಯಂತೆ ಮುರಿದರೆ ಅಂಥ ಪ್ಯಾನೆಲ್‌ಗೆ ಯಾವ ದುರಸ್ತಿಯೂ ಹೆಚ್ಚು ಕಾಲ ಬಾಳದು. ಇಲ್ಲಿ ನನ್ನ ವಾದದ ಗಡಿ ಇದೆ, ಅದನ್ನು ಮರೆಮಾಚಬೇಕಿಲ್ಲ.

ದ್ರಾವಕವೇ ಪ್ಲಾಸ್ಟಿಕ್ಕನ್ನು ಸೀಳಿಸುತ್ತದಲ್ಲ ಎಂಬ ಭಯವೂ ಸುಳ್ಳಲ್ಲ. ಎಳೆತದಲ್ಲಿರುವ ಎಬಿಎಸ್‌ಗೆ ಕೆಲವು ದ್ರವಗಳು ಸೋಕಿದರೆ, ಅವು ಸರಪಳಿಗಳ ನಡುವೆ ನುಸುಳಿ ಸಿಕ್ಕನ್ನು ಸಡಿಲಿಸುವುದರಿಂದ, ತಾಳಬೇಕಾದ ಒತ್ತಡಕ್ಕೇ ಅದು ಸೀಳುತ್ತದೆ. ಪೆಟ್ರೋಲ್, ಬ್ರೇಕ್ ಆಯಿಲ್, ನಟ್ಟು ಸಡಿಲವಾಗದಿರಲೆಂದು ಹಚ್ಚುವ ಥ್ರೆಡ್ ಲಾಕರ್ ಇವೆಲ್ಲ ಆ ಪಟ್ಟಿಯಲ್ಲಿವೆ. ಬಿಗಿದ ಸ್ಕ್ರೂವಿನ ಸುತ್ತಲಿನ ಕಿವಿಗಳೇ ಮೊದಲು ಹೋಗುವುದರ ಒಂದು ಕಾರಣ ಇದು. ಅಂದ ಮೇಲೆ ಅಸಿಟೋನ್ ಬೇಡವೇ? ಬೇಕಾದ ಎಚ್ಚರ ಬೇರೆ. ಈ ಬಗೆಯ ಸೀಳಿಗೆ ದ್ರವ, ಎಳೆತ ಎರಡೂ ಜೊತೆಗಿರಬೇಕು. ಪ್ಯಾನೆಲ್ಲನ್ನು ಬೈಕಿನಿಂದ ಬಿಚ್ಚಿ, ಮೆತ್ತಗೆ ಆಸರೆ ಕೊಟ್ಟು, ಎಲ್ಲೂ ಬಗ್ಗದಂತೆ ಮಲಗಿಸಿದರೆ ಎಳೆತ ಉಳಿಯುವುದಿಲ್ಲ. ಸೊಟ್ಟಗಾದ ಅಂಚನ್ನು ಕ್ಲಾಂಪ್ ಹಾಕಿ ಬಲವಂತವಾಗಿ ಕೂಡಿಸಿ, ಆ ಬಿಗಿಯಲ್ಲೇ ದ್ರಾವಕ ಹಚ್ಚಿದರೆ ಮಾತ್ರ ಕಣ್ಣೆದುರೇ ಹೊಸ ಗೆರೆಗಳು ಮೂಡುತ್ತವೆ. ಬೈಕಿನ ಮೇಲೇ ಇಟ್ಟು ಅರ್ಧ ಗಂಟೆಯಲ್ಲಿ ಮುಗಿಸುವ ದುರಸ್ತಿಗಳ ಬಗ್ಗೆ ನನಗೆ ಅಪನಂಬಿಕೆ ಇರುವುದು ಇದರಿಂದ.

ಬಿಸಿಗಾಳಿಯ ಬೆಸುಗೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತತ್ವ ಅದೇ, ಸರಪಳಿಗೆ ಚಲನೆ ಕೊಡುವುದು ದ್ರಾವಕದ ಬದಲು ಶಾಖ. ಪಾಲಿಪ್ರೊಪಿಲೀನ್ ಅಸಿಟೋನಿಗೆ ಜಗ್ಗುವುದಿಲ್ಲವಾದ್ದರಿಂದ ಅದಕ್ಕೆ ಬೆಸುಗೆಯೇ ದಾರಿ. ತೆಳುವಾದ ಎಬಿಎಸ್‌ನಲ್ಲಿ ಶಾಖ ಒಂದಿಷ್ಟು ಮೀರಿದರೂ ರಬ್ಬರ್ ಸುಡುತ್ತದೆ, ಸುತ್ತಲಿನ ಮೈ ಸೊಟ್ಟಗಾಗುತ್ತದೆ, ಉಸಿರಿಗೆ ಕೆಟ್ಟ ಹೊಗೆ ಏಳುತ್ತದೆ. ಪಳಗಿದ ಕೈ ಇದ್ದವರಿಗೆ ಅದು ವೇಗದ ವಿಧಾನ.

ವಸ್ತುಸಂಗ್ರಹಾಲಯಗಳ ಸಂರಕ್ಷಕರು ಎತ್ತಬಹುದಾದ ತಕರಾರು ಬೇರೆ ಜಾತಿಯದು. ಮಾಡಿದ ದುರಸ್ತಿಯನ್ನು ಮುಂದೆ ಯಾರಾದರೂ ಮೂಲಕ್ಕೆ ಧಕ್ಕೆಯಿಲ್ಲದೆ ತೆಗೆಯುವಂತಿರಬೇಕು ಎಂಬುದು ಅವರ ವೃತ್ತಿಯ ಹಳೆಯ ನಿಯಮ. ಅದಕ್ಕಾಗಿಯೇ ಅವರು ಪ್ಯಾರಲಾಯ್ಡ್ ಬಿ-72ರಂಥ, ಬೇಕೆಂದಾಗ ಕರಗುವ ರಾಳವನ್ನು ಮೆಚ್ಚುತ್ತಾರೆ. ಗಡಿಯೇ ಅಳಿಸಿಹೋಗುವಂತೆ ಹೆಣೆಯುವುದು ಈ ನಿಯಮಕ್ಕೆ ನೇರ ಎದುರು. ನಿಯಮದ ಮೇಲೆ ನನಗೆ ಗೌರವವಿದೆ, ಮಣ್ಣಿನ ಪಾತ್ರೆಗೂ ಶಿಲೆಗೂ ಅದು ಸರಿಯಾದದ್ದು. ಆದರೆ ಎಬಿಎಸ್ ಮುಂದೆ ಅದು ತಾನೇ ಎಡವುತ್ತದೆ: ಆ ರಾಳವನ್ನು ಕರಗಿಸಲು ಸಾಮಾನ್ಯವಾಗಿ ಬಳಸುವ ದ್ರವ ಅಸಿಟೋನ್. ಅಂಟನ್ನು ತೆಗೆಯಹೊರಟರೆ ಪ್ಯಾನೆಲ್ಲೇ ಕರಗಲು ಶುರುವಾಗುತ್ತದೆ. ಗಾಜಿನ ಕಪಾಟಿನಲ್ಲಿ ನಿಲ್ಲುವ ವಸ್ತುವಿಗೆ ಬೇರೆ ಉಪಾಯ ಹುಡುಕಬಹುದು. ರಸ್ತೆಯ ಮೇಲೆ ನೂರು ಕಿ.ಮೀ. ವೇಗದ ಗಾಳಿಗೆ ಎದೆಕೊಡುವ ಫೇರಿಂಗ್ ಕಳಚಿ ಹಾರಿದರೆ ಹಿಂದೆ ಬರುವವರ ಪ್ರಾಣಕ್ಕೆ ಸಂಚಕಾರ. ಓಡುವ ಬೈಕಿಗೆ ಗಟ್ಟಿತನವೇ ಮೊದಲು. ಹಾಗೆ ನೋಡಿದರೆ, ಮೂಲದಲ್ಲಿ ಇಲ್ಲದ ಎಪಾಕ್ಸಿ ತೇಪೆಗಿಂತ ಎಬಿಎಸ್‌ಗೆ ಎಬಿಎಸ್ಸೇ ಸೇರಿಸುವುದು ಮೂಲಕ್ಕೆ ಹೆಚ್ಚು ನಿಷ್ಠವಾದ ಕೆಲಸ.

ಸಂರಕ್ಷಕರಿಂದ ಒಂದು ಅಭ್ಯಾಸವನ್ನು ಮಾತ್ರ ಕಲಿಯುವಂತಿದೆ. ಅವರು ತಾವು ಮಾಡಿದ್ದನ್ನು ಬರೆದಿಡುತ್ತಾರೆ. ಮುಂಬದಿಯನ್ನು ಉಜ್ಜಿ ಬಣ್ಣ ಹೊಡೆದು ಬಿರುಕಿನ ಸುಳಿವೇ ಇಲ್ಲದಂತೆ ಮಾಡಿದರೂ ಹಿಂಬದಿಯನ್ನು ಹಾಗೆಯೇ ಬಿಡಬೇಕು. ಕಪ್ಪಗೆ ಉಬ್ಬಿದ ಹೊಲಿಗೆ, ಅದರಡಿ ಮಸುಕಾಗಿ ಕಾಣುವ ಜಾಲರಿಯ ಚೌಕಗಳು, ತುದಿಯಲ್ಲಿ ಕೊರೆದು ತುಂಬಿದ ದುಂಡು ಚುಕ್ಕೆ, ಪಕ್ಕದಲ್ಲಿ ಸೂಜಿಯಿಂದ ಗೀಚಿದ ಎಬಿಎಸ್ ಎಂಬ ಮೂರಕ್ಷರ ಮತ್ತು ಇಸವಿ. ಇನ್ನೊಂದು ಇಪ್ಪತ್ತು ವರ್ಷಕ್ಕೆ ಅದೇ ಪ್ಯಾನೆಲ್ಲನ್ನು ಬಿಚ್ಚಿ ಬೆಳಕಿಗೆ ಹಿಡಿಯುವ ಮೆಕ್ಯಾನಿಕ್‌ಗೆ ಯಾವ ಸೀಸೆಯ ಮುಚ್ಚಳ ತೆಗೆಯಬೇಕೆಂದು ಅದರಿಂದ ಗೊತ್ತಾಗುತ್ತದೆ.